ಆತಗೂರಿನ ನಾಯಿಯ ಕಲ್ಲು

ಮದ್ದೂರು ಎಂದೊಡನೆ ಎಲ್ಲರಿಗೂ ನೆನಪಾಗುವುದು ವಡೆ. ಬೆಂಗಳೂರು–ಮೈಸೂರು ದಾರಿಯ ಪ್ರಯಾಣಿಕರು ಇಲ್ಲಿಳಿದು ವಡೆ ತಿಂದು, ಕಾಫಿ ಕುಡಿದು ಮುಂದೆ ಸಾಗುತ್ತಾರೆ. ಇದೇ ತಾಲ್ಲೂಕಿನ ಆತಗೂರಿನಲ್ಲಿ ಸಾವಿರ ವರ್ಷಗಳಿಗೂ ಹಿಂದೆ ನಾಯಿಯೊಂದಕ್ಕೆ ಸ್ಮಾರಕ ನಿಲ್ಲಿಸಿದ್ದರೆಂಬುದು ಹೆಚ್ಚಿನವರಿಗೆ ತಿಳಿಯದು. ಮಂಡ್ಯ, ಮಳವಳ್ಳಿಗಳ ಕಡೆ ಮಕ್ಕಳೊಡನೆ ಹೊರಟವರು ಅರ್ಧ ದಿನ ಬಿಡುವು ಮಾಡಿಕೊಂಡು ಈ ಊರನ್ನು ನೋಡಬಹುದು.

ತಮಿಳುನಾಡಿನ ಅರಕ್ಕೋಣದ ಬಳಿಯ ತಕ್ಕೋಲದಲ್ಲಿ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನಿಗೂ ಚೋಳ ರಾಜಾದಿತ್ಯನಿಗೂ ದೊಡ್ಡ ಯುದ್ಧವಾಯಿತು. ಕೃಷ್ಣನ ಭಾವಮೈದುನ, ಗಂಗರ ಬೂತುಗ ರಾಜಾದಿತ್ಯನನ್ನು ಕೊಂದನು. ಬೂತುಗನ ವೀರ ಮಣಲೇರನ ಪರಾಕ್ರಮಕ್ಕೆ ಮೆಚ್ಚಿದ ಒಡೆಯ ‘ಏನು ಬೇಕೋ ಬೇಡು’ ಎಂದಾಗ, ಮಣಲೇರ ಬೇಡಿದ್ದು ‘ಕಾಳಿ’ ಎಂಬ ನಾಯಿಯನ್ನು! ಮುಂದೆ ಬೆಳತೂರಿನ ಪಶ್ಚಿಮದ ದಿಣ್ಣೆಯಲ್ಲಿ ಕಾಳಿಯನ್ನು ದೊಡ್ಡ ಹಂದಿಯೊಂದರ ಮೇಲೆ ಬಿಡಲಾಯಿತು. ಕಾದಾಡಿ ಎರಡೂ ಸತ್ತವು.

ಆತಗೂರಿನ ಚಲ್ಲೇಶ್ವರ ದೇವಾಲಯದ ಮುಂದೆ ಮಣಲೇರ ನೆಡಿಸಿದ ಕಲ್ಲಿನಲ್ಲಿ ನಾಯಿ–ಹಂದಿಗಳ ಕಾಳಗದ ಚಿತ್ರವಿದೆ; ಹಳಗನ್ನಡದಲ್ಲಿ ಈ ಕಥೆಯಿದೆ. ಕಲ್ಲಿನ ಪೂಜೆಗೆಂದು ಕೆರೆಯ ಕೆಳಗೆ ಎರಡು ಖಂಡುಗ ಭೂಮಿ ಬಿಟ್ಟರು. ಪೂಜೆ ಮಾಡದೆ ಉಣ್ಣುವ ಗೊರವನಿಗೆ ನಾಯಿ ಮಾಡಿದ ಪಾಪ ತಟ್ಟಲಿ ಎಂದೂ ಬರೆಸಿದರು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಲೆಕ್ಕವಿದೆ. ಶಾಸನದ ಕಾಲ ಶಕವರ್ಷ 872, ಸೌಮ್ಯ ಸಂವತ್ಸರ. ಅದು ಆಗ ನಡೆಯುತ್ತಿದ್ದ ವರ್ಷವಾದ್ದರಿಂದ ಮುಗಿದ ವರ್ಷಗಳು 871. ಅದಕ್ಕೆ 78 ಕೂಡಿಸಿದರೆ ಕ್ರಿ.ಶ. 949. ತಾಳೆ ನೋಡಬೇಕೆ? ಸಂವತ್ಸರಗಳು 60 ವರ್ಷಕ್ಕೊಮ್ಮೆ ಮರಳುತ್ತವೆ. 1969ರ ಯುಗಾದಿಗೆ ಆರಂಭವಾದದ್ದು ಸೌಮ್ಯ. ಅದರಿಂದ 949ನ್ನು ಕಳೆದರೆ 1020. ಸರಿಯಾಗಿ 17 ಆವರ್ತ. ತಕ್ಕೋಲದ ಯುದ್ಧದ ಕಾಲವನ್ನು ಗುರುತಿಸಲು ಇತಿಹಾಸಕಾರರಿಗೆ ನೆರವಾದ ಮುಖ್ಯ ಸಾಕ್ಷ್ಯಗಳಲ್ಲಿ ಈ ನಾಯಿಯ ಕಲ್ಲೂ ಒಂದು.

ಆತಗೂರಿಗೆ ಹೋದವರಿಗೆ ಆ ಕಲ್ಲು ಅಲ್ಲಿ ಕಾಣಸಿಗದು. ಅದೀಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಆದರೆ ಕಲ್ಲಿನ ಕಥೆಯನ್ನು ಮೊದಲೇ ಓದಿಕೊಂಡು ಊರು ನೋಡಿದರೆ ಶಾಸನದ ಮಾತುಗಳಿಗೆ ನೆಲದ ಗುರುತು ಸಿಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಇನ್ನೂ ಎಷ್ಟೋ ವೀರಗಲ್ಲುಗಳು ಕೆರೆ ಏರಿಯ ಮೇಲೆ, ಹೊಲದ ಬದುವಿನಲ್ಲಿ ಬಿದ್ದಿವೆ. ಕೆಲವು ಬಟ್ಟೆ ಒಗೆಯುವ ಕಲ್ಲುಗಳಾಗಿವೆ. ರಜೆಯಲ್ಲಿ ಮಕ್ಕಳು ಅವುಗಳ ಚಿತ್ರ ಬರೆದುಕೊಳ್ಳಲಿ, ಎಲ್ಲಿವೆಯೆಂದು ಗುರುತು ಮಾಡಿಕೊಳ್ಳಲಿ. ಅಕ್ಷರ ಕಂಡರೆ ಪೋಷಕರು ಪುರಾತತ್ವ ಇಲಾಖೆಗೆ ತಿಳಿಸಲಿ. ಕಾಳಿಯ ಕಲ್ಲನ್ನು ಯಾರಾದರೂ ಒಡೆದು ಪಾಯಕ್ಕೆ ಹಾಕಿದ್ದರೆ, ಒಂದು ನಾಯಿಯ ನೆನಪಿನ ಜೊತೆಗೆ ದೊಡ್ಡದೊಂದು ಯುದ್ಧದ ಸಾಕ್ಷಿಯೂ ಅಳಿದುಹೋಗುತ್ತಿತ್ತು.