ಹಳೆಯ ಚಿತ್ರಕಥೆಗಳ ಸಂತೆಯಲ್ಲಿ

ಸೊಲ್ಲಾಪುರದಿಂದ ರಾತ್ರಿ ಹೊರಡುವ ಸಿದ್ಧೇಶ್ವರ ಎಕ್ಸ್‌ಪ್ರೆಸ್ ನಮ್ಮ ಅಕ್ಕಲಕೋಟೆಯ ಕಡೆಯವರಿಗೆ ಮುಂಬಯಿಯ ಹೆಬ್ಬಾಗಿಲಿದ್ದಂತೆ. ನ್ಯಾಯಾಲಯದ ಕೆಲಸಕ್ಕೆಂದು ನಾನು ಆ ಗಾಡಿಯಲ್ಲಿ ಎಷ್ಟೋ ಸಲ ಕಡತಗಳ ಚೀಲವನ್ನೇ ತಲೆದಿಂಬು ಮಾಡಿಕೊಂಡು ಮಲಗಿದ್ದೇನೆ. ಈ ಸಲ ಚೀಲ ಬರಿದಾಗಿತ್ತು. ಜೊತೆಯಲ್ಲಿ ಏಳನೆಯ ತರಗತಿಯಲ್ಲಿ ಓದುವ ಮಗಳಿದ್ದಳು. ಗೋರೆಗಾಂವ್‌ನಲ್ಲಿ ನಡೆಯುತ್ತಿದ್ದ ಕಾಮಿಕ್ ಕಾನ್ ಎಂಬ ಚಿತ್ರಕಥೆಗಳ ಮೇಳಕ್ಕೆ ನಾವು ಹೊರಟಿದ್ದೆವು. ಅವಳಿಗೆ ಮೇಳ ನೋಡುವ ಆಸೆ. ನನಗೆ, ಕಳೆದುಕೊಂಡದ್ದೊಂದು ಮರಳಿ ಸಿಕ್ಕೀತೇ ಎಂಬ ಆಸೆ.

ಕಳೆದುಕೊಂಡದ್ದು ಎಂದೆನಾದರೂ ಅದನ್ನು ತಕ್ಕಡಿಗೆ ಹಾಕಿದವನು ನಾನೇ. ವಿಜಯಪುರದ ಬಸ್ ಡಿಪೋದಲ್ಲಿ ಕೆಲಸಕ್ಕಿದ್ದ ನನ್ನ ಸೋದರಮಾವ ಪ್ರತಿ ಹಬ್ಬಕ್ಕೂ ಅಕ್ಕಲಕೋಟೆಗೆ ಬರುವಾಗ ಕನ್ನಡದ ಅಮರ ಚಿತ್ರಕಥೆಯನ್ನೋ ಇಂದ್ರಜಾಲ ಕಾಮಿಕ್ಸನ್ನೋ ತಂದುಕೊಡುತ್ತಿದ್ದರು. ಕೆಲವು ಹೊಸವು, ಹೆಚ್ಚಿನವು ಬಸ್ ನಿಲ್ದಾಣದ ಹಳೆಯ ಪುಸ್ತಕದವನಿಂದ ಕೊಂಡವು. ನಮ್ಮ ಓಣಿಯ ಅಂಗಡಿಗಳಲ್ಲಿ ಮರಾಠಿ ಪುಸ್ತಕಗಳು ಮಾತ್ರ ಸಿಗುತ್ತಿದ್ದ ಕಾಲವದು. ಶಾಲೆಯ ಪಠ್ಯಪುಸ್ತಕದ ಆಚೆಗೂ ಕನ್ನಡವಿದೆ ಎಂದು ನನಗೆ ಮೊದಲು ತೋರಿಸಿಕೊಟ್ಟದ್ದು ಆ ತಗಡಿನ ಪೆಟ್ಟಿಗೆ. ಕಾನೂನು ಕಾಲೇಜಿಗೆ ಸೇರಿದ ವರ್ಷ ನಾನು ದೊಡ್ಡವನಾದೆನೆಂಬ ಹಮ್ಮಿನಲ್ಲಿ ಅವನ್ನೆಲ್ಲ ರದ್ದಿಯವನಿಗೆ ತೂಗಿಕೊಟ್ಟೆ. ಮಾವ ಮುಂದಿನ ಹಬ್ಬಕ್ಕೆ ಬಂದು ಪೆಟ್ಟಿಗೆ ತೆರೆದು ನೋಡಿ, ಏನೂ ಅನ್ನದೆ ಮುಚ್ಚಿಟ್ಟರು. ಬೈದಿದ್ದರೆ ಮರೆತುಬಿಡುತ್ತಿದ್ದೆನೋ ಏನೋ.

ಪ್ರಯಾಣಕ್ಕೆ ಇನ್ನೊಂದು ಹಿನ್ನೆಲೆಯೂ ಇತ್ತು. ಮಗಳನ್ನು ಬರುವ ವರ್ಷ ಎಂಟನೆಯ ತರಗತಿಗೆ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಅರ್ಜಿ ಮನೆಯ ಮೇಜಿನ ಮೇಲಿತ್ತು. ಮುಂದಿನ ಪರೀಕ್ಷೆಗಳು, ನೌಕರಿ, ಎಲ್ಲವೂ ಇಂಗ್ಲಿಷು ಮರಾಠಿಗಳಲ್ಲೇ ಇರುವಾಗ ಕನ್ನಡ ಶಾಲೆಯಲ್ಲಿ ಮಗುವನ್ನು ಹಿಂದೆ ಉಳಿಸಬೇಕೇ ಎಂಬುದು ನನ್ನ ಹೆಂಡತಿಯ ವಾದ. ಈ ಪತ್ರಿಕೆಯನ್ನು ಓದುವ ಎಷ್ಟು ಮನೆಗಳಲ್ಲಿ ಇದೇ ವಾದ ನಡೆದಿರಬಹುದೆಂದು ಬಲ್ಲೆ. ಅದು ತಳ್ಳಿಹಾಕುವಂಥ ವಾದವಲ್ಲ. ವಕೀಲನಾದ ನನಗೂ ಅದಕ್ಕೆ ಉತ್ತರ ಹೊಳೆದಿರಲಿಲ್ಲ.

ಬೆಳಗ್ಗೆ ದಾದರಿನಲ್ಲಿಳಿದು, ಪಶ್ಚಿಮ ಮಾರ್ಗದ ಲೋಕಲ್ ಗಾಡಿ ಹಿಡಿದು ಗೋರೆಗಾಂವ್ ತಲುಪಿದೆವು. ಮೇಳದ ಬಾಗಿಲಲ್ಲಿಯೇ ಒಂದು ಬಯಲಾಟದ ಚೌಕಿ ಕಂಡಂತಾಯಿತು. ಮುಖಕ್ಕೆ ಬಣ್ಣ ಬಳಿದುಕೊಂಡವರು, ರಟ್ಟಿನ ಕವಚ ತೊಟ್ಟವರು, ಬೆನ್ನಿಗೆ ರೆಕ್ಕೆ ಕಟ್ಟಿಕೊಂಡವರು. ಕಾಲೇಜಿನ ಹುಡುಗ ಹುಡುಗಿಯರು ತಮಗೆ ಪ್ರಿಯವಾದ ಪಾತ್ರಗಳಾಗಿ ಸಾಲುಗಟ್ಟಿ ನಿಂತಿದ್ದರು. ಒಳಗೆ ಜಪಾನಿನ ಮಾಂಗಾ ಪುಸ್ತಕಗಳು, ಗೊಂಬೆಗಳು, ಚಿತ್ರ ಅಚ್ಚುಹಾಕಿದ ಅಂಗಿಗಳು. ಇಂಥ ಮೇಳ ಭಾರತದಲ್ಲಿ ಮೊದಲು ನಡೆದದ್ದು 2011ರಲ್ಲಿ, ದೆಹಲಿಯಲ್ಲಿ. ಈಗ ಅದರ ಬಹುಪಾಲು ಹೊಸ ಸರಕಿನದು. ಹಳೆಯ ಪುಸ್ತಕಗಳನ್ನು ಹುಡುಕುವವನು ಸದ್ದುಗದ್ದಲವನ್ನೆಲ್ಲ ದಾಟಿ ಒಂದು ಮೂಲೆಗೆ ಹೋಗಬೇಕು.

ಆ ಮೂಲೆಯಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆಗಳಿದ್ದವು. ಪ್ರತಿ ಪುಸ್ತಕಕ್ಕೂ ಪ್ಲಾಸ್ಟಿಕ್ ಹೊದಿಕೆ, ಅದರ ಮೇಲೆ ಬೆಲೆಯ ಚೀಟಿ. 1964ರ ಮಾರ್ಚಿಯಲ್ಲಿ ಟೈಮ್ಸ್ ಆಫ್ ಇಂಡಿಯಾ ಸಂಸ್ಥೆ ಆರಂಭಿಸಿ 1990ರವರೆಗೆ ನಡೆಸಿದ ಇಂದ್ರಜಾಲ ಕಾಮಿಕ್ಸ್‌ಗೆ ಅಲ್ಲಿ ಮೊದಲ ಸ್ಥಾನ. ಮರಾಠಿ ಓದುಗರು ವೇತಾಳನೆಂದು ಕರೆದ ಫ್ಯಾಂಟಮ್, ಮಾಂತ್ರಿಕ ಮ್ಯಾಂಡ್ರೇಕ್, ಆಬಿದ್ ಸುರ್ತಿಯವರು ಸೃಷ್ಟಿಸಿದ ಬಹಾದೂರ್ ಎಲ್ಲರೂ ಸಾಲಾಗಿ ನಿಂತಿದ್ದರು. ಪಕ್ಕದಲ್ಲಿ ಪ್ರಾಣ್ ಅವರ ಚಾಚಾ ಚೌಧರಿ, ಅದರಾಚೆ ನಾಗರಾಜ್. ಕೊಳ್ಳುವವರಲ್ಲಿ ನನ್ನ ವಯಸ್ಸಿನವರೇ ಹೆಚ್ಚು. ಅವರು ಪುಸ್ತಕವನ್ನು ಪರೀಕ್ಷಿಸುವ ಬಗೆ ನೋಡಿ ನನಗೆ ದಸ್ತಾವೇಜು ಪರಿಶೀಲಿಸುವ ಉಪನೋಂದಣಾಧಿಕಾರಿಗಳ ನೆನಪಾಯಿತು.

ನೋಡುತ್ತ ನೋಡುತ್ತ ನಾನೂ ಕಲಿತೆ. ಮೊದಲು ಬೆನ್ನು ನೋಡಬೇಕು. ಪಿನ್ನು ತುಕ್ಕು ಹಿಡಿದಿದ್ದರೆ ಅದರ ಸುತ್ತಲಿನ ಕಾಗದವೂ ಕಂದಿ ಹರಿಯುತ್ತದೆ. ಅನಂತರ ನಡುವಿನ ಹಾಳೆ. ಪಿನ್ನಿನಿಂದ ಕಳಚಿ ಮೊದಲು ಕಾಣೆಯಾಗುವುದು ಅದೇ. ಪದಬಂಧ ಬಿಡಿಸಿದ್ದರೆ, ಹಿಂದಿನ ಹಾಳೆಯ ಕೂಪನ್ ಕತ್ತರಿಸಿದ್ದರೆ, ಹರಿದಲ್ಲಿ ಟೇಪು ಅಂಟಿಸಿದ್ದರೆ ಬೆಲೆ ಇಳಿಯುತ್ತದೆ. ಮೊದಲ ಮುದ್ರಣವೋ ಮರುಮುದ್ರಣವೋ ಎಂಬುದನ್ನು ಮುಖಪುಟದ ಬೆಲೆ ಮತ್ತು ಒಳಪುಟದ ಪ್ರಕಾಶಕರ ವಿಳಾಸ ಹೇಳುತ್ತವೆ. ಒಳಪುಟದಲ್ಲಿ ಯಾವುದೋ ಮಗು ಕೊರೆದ ಹೆಸರಿದ್ದರೂ ಸಂಗ್ರಾಹಕರಿಗೆ ಅದು ದೋಷ. ನನಗೆ ಮಾತ್ರ ಅಂಥ ಹೆಸರುಗಳನ್ನು ಓದುವ ಚಪಲ ಬಿಡಲಿಲ್ಲ. ನಮ್ಮ ಪೆಟ್ಟಿಗೆಯ ಪುಸ್ತಕಗಳ ಮೇಲೆಲ್ಲ ನನ್ನ ಹೆಸರಿತ್ತಲ್ಲ!

ಕನ್ನಡದ ಪ್ರತಿಗಳಿವೆಯೇ ಎಂದು ಅಂಗಡಿಯವರನ್ನು ಮರಾಠಿಯಲ್ಲಿ ಕೇಳಿದೆ. ನನಗಿಂತ ಹಿರಿಯರಾದ ಅವರು ಮೇಜಿನ ಕೆಳಗಿನಿಂದ ಒಂದು ಪೆಟ್ಟಿಗೆಯನ್ನು ಕಾಲಿನಿಂದಲೇ ಸರಿಸಿ ಈಚೆಗೆ ತಂದರು. ಅದರೊಳಗಿನ ಪುಸ್ತಕಗಳಿಗೆ ಪ್ಲಾಸ್ಟಿಕ್ ಹೊದಿಕೆಯೂ ಇರಲಿಲ್ಲ, ಪೆಟ್ಟಿಗೆಯ ಮೇಲೆ ಹೆಸರೂ ಇರಲಿಲ್ಲ. ಯಾವುದನ್ನು ತೆಗೆದುಕೊಂಡರೂ ಐವತ್ತು ರೂಪಾಯಿ ಎಂದರು. ಮೇಲಿನ ಪೆಟ್ಟಿಗೆಯಲ್ಲಿ ಅದೇ ಕಥೆಯ ಇಂಗ್ಲಿಷ್ ಪ್ರತಿಗೆ ಅದರ ಎಷ್ಟೋ ಪಟ್ಟು ಬೆಲೆಯಿತ್ತು. ಕಾರಣ ಕೇಳಿದ್ದಕ್ಕೆ ಅವರು ಸರಳವಾಗಿ ಹೇಳಿದರು: ಕೇಳುವವರು ಬರುವುದಿಲ್ಲ.

ಮಗಳು ನೆಲದ ಮೇಲೆ ಕುಳಿತು ಪೆಟ್ಟಿಗೆಗೆ ಕೈಹಾಕಿದಳು. ಸ್ವಲ್ಪ ಹೊತ್ತಿಗೆ, "ಅಪ್ಪಾ, ಇವು ಅರ್ಧಕ್ಕರ್ಧ ತೆಲುಗು ಅದಾವು" ಎಂದಳು. ಅಂಗಡಿಯವರು ಬಗ್ಗಿ ನೋಡಿದರು. ಅವರಿಗೆ ಎರಡೂ ಒಂದೇ ಲಿಪಿಯಾಗಿ ಕಂಡಿದ್ದವು. "ನೋಡ್ರಿ ಕಾಕಾ," ಎಂದು ಅವಳು ಮರಾಠಿಗೆ ಹೊರಳಿ ವಿವರಿಸಿದಳು: ತೆಲುಗಿನ ಅಕ್ಷರದ ತಲೆಯ ಮೇಲೆ ಮಾಸ್ತರರು ಸರಿ ಉತ್ತರಕ್ಕೆ ಹಾಕುವಂಥ ಗುರುತಿರುತ್ತದೆ, ಕನ್ನಡದ ಅಕ್ಷರದ ತಲೆಯ ಮೇಲೆ ಅಡ್ಡಗೆರೆ ಎಳೆದು ತುದಿ ಬಾಗಿಸಿರುತ್ತದೆ. ಅವರು ಎರಡು ಪುಸ್ತಕಗಳನ್ನು ಪಕ್ಕಪಕ್ಕ ಹಿಡಿದು ನೋಡಿ ತಲೆದೂಗಿದರು. ಅರ್ಧ ಗಂಟೆಯಲ್ಲಿ ಎರಡು ರಾಶಿಗಳಾದವು. ಒಂದೊಂದರ ಹೆಸರನ್ನೂ ಅವಳು ಓದಿ ಹೇಳಿದಂತೆ ಅವರು ನಾಗರಿ ಅಕ್ಷರದಲ್ಲಿ ಚೀಟಿ ಬರೆದುಕೊಂಡರು. ಕನ್ನಡ ಶಾಲೆಯ ಹುಡುಗಿಯೊಬ್ಬಳ ವಿದ್ಯೆಗೆ ಮುಂಬಯಿಯ ಪೇಟೆಯಲ್ಲಿ ಕೆಲಸ ಸಿಕ್ಕಿತು ಎಂದು ನಾನು ಮನಸ್ಸಿನಲ್ಲಿಯೇ ನಕ್ಕೆ.

ಆ ನಗು ಬಹಳ ಹೊತ್ತು ಉಳಿಯಲಿಲ್ಲ. ಕನ್ನಡದ ರಾಶಿಯ ತಳದಲ್ಲಿ ಮುಖಪುಟ ಹರಿದುಹೋದ ತೆಳ್ಳನೆಯ ಪುಸ್ತಕವೊಂದಿತ್ತು. ತೆರೆದು ನೋಡಿದರೆ ಸಿಂಡರೆಲಾ ಕಥೆ. ಅಮರ ಚಿತ್ರಕಥೆಯ ಚರಿತ್ರೆ ಬಲ್ಲವರಿಗೆ ನನ್ನ ಎದೆ ಏಕೆ ಹೊಡೆದುಕೊಂಡಿತೆಂದು ತಿಳಿದೀತು.

ಕಾರ್ಕಳದಲ್ಲಿ ಹುಟ್ಟಿ, ಬಾಲ್ಯದಲ್ಲಿಯೇ ತಂದೆತಾಯಿಗಳನ್ನು ಕಳೆದುಕೊಂಡು, ಹನ್ನೆರಡರ ವಯಸ್ಸಿನಲ್ಲಿ ಮುಂಬಯಿಗೆ ಬಂದ ಅನಂತ ಪೈಯವರು 1967ರಲ್ಲಿ ಅಮರ ಚಿತ್ರಕಥೆಯ ಹೊಣೆ ಹೊತ್ತು ಅದನ್ನು ಮನೆಮಾತು ಮಾಡಿದರೆಂಬುದು ಎಲ್ಲರೂ ಬಲ್ಲ ಸಂಗತಿ. ಆದರೆ ಇಂಗ್ಲಿಷಿನಲ್ಲಿ ಆ ಮಾಲೆಯ ಕ್ರಮಸಂಖ್ಯೆ ಆರಂಭವಾಗುವುದು ಒಂದರಿಂದಲ್ಲ, ಹನ್ನೊಂದರಿಂದ. ಹನ್ನೊಂದನೆಯದು ರಾಮ್ ವಾಯೀರ್‌ಕರ್ ಅವರು ಚಿತ್ರಿಸಿದ 'ಕೃಷ್ಣ'. ಹಾಗಾದರೆ ಮೊದಲ ಹತ್ತು ಎಲ್ಲಿ? ಅವು ಕನ್ನಡದಲ್ಲಿವೆ. 1965ರಲ್ಲಿ ಇಂಡಿಯಾ ಬುಕ್ ಹೌಸ್‌ನ ಬೆಂಗಳೂರು ಕಚೇರಿಯಲ್ಲಿದ್ದ ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ ಅಮರ ಚಿತ್ರಕಥೆ ಮೊದಲು ಹೊರಬಂದದ್ದು ಕನ್ನಡದಲ್ಲಿ. ಆ ಮೊದಲ ಹತ್ತೂ ಸಿಂಡರೆಲಾ, ಸ್ನೋವೈಟ್, ಪಿನೋಕಿಯೊ ಮೊದಲಾದ ಹೊರನಾಡಿನ ಕಥೆಗಳು. ಅವು ಚೆನ್ನಾಗಿ ಮಾರಾಟವಾದದ್ದರಿಂದಲೇ ಮುಂಬಯಿಯ ಮುಖ್ಯ ಕಚೇರಿಗೆ ಧೈರ್ಯ ಬಂದಿತು. ದೇಶದ ಮಕ್ಕಳೆಲ್ಲ ಓದಿದ ಮಾಲೆಯ ಮೊದಲ ಓದುಗರು ಕನ್ನಡದ ಮಕ್ಕಳು.

ನನ್ನ ಕೈಯಲ್ಲಿದ್ದದ್ದು ಆ ಹತ್ತರಲ್ಲೊಂದೇ? ಮುಖಪುಟವಿಲ್ಲ, ಕ್ರಮಸಂಖ್ಯೆಯಿಲ್ಲ, ಪ್ರಕಾಶಕರ ಹೆಸರಿದ್ದ ಹಾಳೆಯ ಮೂಲೆಯನ್ನು ಇಲಿ ತಿಂದಿತ್ತು. ಯಾವ ನ್ಯಾಯಾಲಯವೂ ಆ ಪುರಾವೆಯನ್ನು ಒಪ್ಪದು. ಆದರೂ ಕಾಗದದ ಬಣ್ಣ, ಅಚ್ಚಿನ ರೀತಿ ಆ ಕಾಲದ್ದೆಂದು ನನ್ನ ಮನಸ್ಸು ಹೇಳುತ್ತಿತ್ತು. ಬೆಲೆ ಐವತ್ತು ರೂಪಾಯಿ. ಜೇಬಿಗೆ ಕೈಹಾಕಿದೆ.

ನಮ್ಮ 1872ರ ಕರಾರು ಕಾಯ್ದೆಯ 17ನೆಯ ಕಲಮಿನಲ್ಲಿ ಒಂದು ವಿವರಣೆಯಿದೆ. ಸುಮ್ಮನಿರುವುದಷ್ಟೇ ವಂಚನೆಯಾಗದು, ಮಾತಾಡುವ ಕರ್ತವ್ಯವಿದ್ದಲ್ಲಿ, ಅಥವಾ ಮೌನವೇ ಮಾತಿಗೆ ಸಮವಾದಲ್ಲಿ ಮಾತ್ರ ಅದು ವಂಚನೆ. ಬೆಲೆ ಬದಲಾದ ಗುಟ್ಟನ್ನು ಬಲ್ಲ ವ್ಯಾಪಾರಿ ಎದುರಿನ ವ್ಯಾಪಾರಿಗೆ ಅದನ್ನು ಹೇಳಬೇಕಾಗಿಲ್ಲ ಎಂಬ ಉದಾಹರಣೆಯನ್ನೂ ಅಲ್ಲಿ ಕೊಟ್ಟಿದ್ದಾರೆ. ಕಾನೂನು ನನ್ನ ಪಕ್ಷದಲ್ಲಿತ್ತು. ಆದರೆ ಪಕ್ಕದಲ್ಲಿ ಕುಳಿತ ಹುಡುಗಿ ಆಗಷ್ಟೇ ಅದೇ ಮನುಷ್ಯರಿಗೆ, ಒಂದು ಪೈಸೆಯ ಲಾಭವಿಲ್ಲದೆ, ತನಗೆ ಗೊತ್ತಿದ್ದುದನ್ನೆಲ್ಲ ಹೇಳಿಕೊಟ್ಟಿದ್ದಳು. ಓದಲು ಬಾರದವರ ಕೈಯಿಂದ ಓದುಬಲ್ಲವನು ಕಡಿಮೆ ಬೆಲೆಗೆ ಕೊಂಡ ಜಮೀನುಗಳ ಎಷ್ಟು ಕಡತಗಳನ್ನು ನಾನು ಹೊತ್ತಿಲ್ಲ! ಜೇಬಿನಿಂದ ಕೈ ತೆಗೆದೆ.

ಹೇಳಿದೆ. ಇದು ಅದೇ ಇರಬಹುದು, ಇಲ್ಲದಿರಲೂಬಹುದು ಎಂದು ಎರಡನ್ನೂ ಹೇಳಿದೆ. ಅವರು ಪುಸ್ತಕವನ್ನು ಎರಡೂ ಕೈಗಳಲ್ಲಿ ತೆಗೆದುಕೊಂಡು, ಪ್ಲಾಸ್ಟಿಕ್ ಹೊದಿಕೆಯೊಂದನ್ನು ಹುಡುಕಿ ಅದರೊಳಗಿಟ್ಟರು. "ವಕೀಲ ಸಾಹೇಬರೆ, ಹಾಗಿದ್ದರೆ ಇದನ್ನು ಈಗ ಕೊಡುವುದಿಲ್ಲ, ತಿಳಿದವರಿಗೆ ತೋರಿಸುತ್ತೇನೆ" ಎಂದರು. ಅವರು ಹೇಳಿದ್ದು ನ್ಯಾಯವೇ. ನನಗೆ ಮಾತ್ರ ಒಳಗೊಳಗೇ ಸಂಕಟವಾಯಿತು. ಮಗಳಂತೂ ಮುಖ ಊದಿಸಿಕೊಂಡಳು. "ನೀ ಯಾಕ ಹೇಳಿದಿ ಅಪ್ಪಾ? ನಮ್ಮ ಕಡೆ ಇರತಿತ್ತಲಾ" ಎಂದಳು. "ನೀನೇ ಮೊದಲ ಹೇಳಾಕ ಸುರು ಮಾಡಿದೆಲ್ಲವ್ವಾ" ಎಂದೆ. ಅವಳಿಗೆ ಅದು ಉತ್ತರವೆನಿಸಲಿಲ್ಲ.

ಹೊರಡುವ ಮುನ್ನ ನೂರೈವತ್ತು ರೂಪಾಯಿಗೆ ಕನ್ನಡದ ಮೂರು ಅಮರ ಚಿತ್ರಕಥೆಗಳನ್ನು ಕೊಂಡೆವು. ಅಂಗಡಿಯವರು ಒಂದು ರಟ್ಟಿನ ತುಂಡನ್ನೂ ಮಾರ್ಕರ್ ಪೆನ್ನನ್ನೂ ಮಗಳ ಮುಂದಿಟ್ಟರು. ಅವಳು ಮುನಿಸನ್ನು ಪಕ್ಕಕ್ಕಿಟ್ಟು ದಪ್ಪ ಅಕ್ಷರದಲ್ಲಿ 'ಕನ್ನಡ' ಎಂದು ಬರೆದಳು. ಅದರ ಕೆಳಗೆ ಅವರು ನಾಗರಿಯಲ್ಲಿ ಅದನ್ನೇ ಬರೆದರು. ಪೆಟ್ಟಿಗೆ ಮೇಜಿನ ಕೆಳಗಿನಿಂದ ಮೇಲಕ್ಕೆ ಬಂದಿತು.

ಮರುದಿನ ಮಾಟುಂಗಾಕ್ಕೆ ಹೋದೆವು. ಕಿಂಗ್ಸ್ ಸರ್ಕಲ್‌ನ ಕಾಲುದಾರಿಯ ಹಳೆಯ ಪುಸ್ತಕದವರಲ್ಲಿಯೂ ಹುಡುಕಿದೆವು. ಕನ್ನಡದ ಚಿತ್ರಕಥೆ ಒಂದೂ ಸಿಗಲಿಲ್ಲ. ಅಲ್ಲಿಗೆ ಸಮೀಪದಲ್ಲಿಯೇ 1926ರಲ್ಲಿ ಸ್ಥಾಪನೆಯಾದ ಮೈಸೂರು ಅಸೋಸಿಯೇಷನ್ನಿನ ಕಟ್ಟಡವಿದೆ. ಅದರ ಹೆಸರಿನ ಫಲಕವನ್ನು ಮಗಳು ನಿಂತು ಓದಿದಳು. ಆ ಊರಿನಲ್ಲಿ ಕನ್ನಡದ ಪುಸ್ತಕ ಕೊಂಡ ಮಕ್ಕಳು ಹಿಂದೆ ಇದ್ದೇ ಇದ್ದರು. ಅವರ ಪೆಟ್ಟಿಗೆಗಳೂ ನನ್ನ ಪೆಟ್ಟಿಗೆಯ ಹಾಗೆಯೇ ತಕ್ಕಡಿ ಏರಿರಬೇಕು.

ಊರಿಗೆ ಮರಳಿದ ಮೇಲೆ ಒಂದು ಪುಸ್ತಕವನ್ನು ವಿಜಯಪುರದ ಮಾವನಿಗೆ ಕೊಟ್ಟೆ. ಅವರಿಗೀಗ ಕಣ್ಣು ಮಂಜು. ಮಗಳು ಓದಿದಳು, ಅವರು ಕೇಳಿದರು. ಉಳಿದೆರಡು ಅವಳ ಶಾಲೆಯ ಕಪಾಟಿಗೆ ಸೇರಿದವು. ಅರ್ಜಿ ಇನ್ನೂ ಮೇಜಿನ ಮೇಲೆಯೇ ಇದೆ. ನನ್ನ ಹೆಂಡತಿ ಕೇಳುವ ಪ್ರಶ್ನೆಗಳಿಗೆ ಒಂದು ಮೇಳ ಉತ್ತರವಾಗಲಾರದು. ಎರಡು ಕಡೆಯ ವಾದವನ್ನೂ ಮಗಳ ಮುಂದೆಯೇ ಇಡುವುದೆಂದು ಮಾತ್ರ ಇಬ್ಬರೂ ಒಪ್ಪಿದ್ದೇವೆ.

ಹದಿನೈದು ದಿನಗಳ ಅನಂತರ ಆ ಅಂಗಡಿಯವರಿಂದ ನನ್ನ ಮೊಬೈಲಿಗೆ ಒಂಬತ್ತು ಮುಖಪುಟಗಳ ಚಿತ್ರಗಳು ಬಂದವು. ಹೊಸದಾಗಿ ಸಿಕ್ಕ ರಾಶಿ, ತಾಯಿ ಓದಿ ಹೇಳಲಿ ಎಂದು ಕೆಳಗೆ ಮರಾಠಿಯ ಒಕ್ಕಣೆ. ಸಿಂಡರೆಲಾಳ ಸಂಗತಿ ಇನ್ನೂ ಇತ್ಯರ್ಥವಾಗಿರಲಿಲ್ಲ. ಮಗಳು ಊಟ ಬಿಟ್ಟು ಕುಳಿತು ಉತ್ತರ ಬರೆದಳು: ಐದು ಕನ್ನಡ, ಮೂರು ತೆಲುಗು. ಒಂಬತ್ತನೆಯದು ಮಲಯಾಳಂ. ಅದರ ಹೆಸರನ್ನು ಕಾಸರಗೋಡಿನ ಯಾವುದಾದರೂ ಕನ್ನಡ ಶಾಲೆಯ ಮಕ್ಕಳನ್ನು ಕೇಳಿ ತಿಳಿಸುವುದಾಗಿ ಬರೆದಿದ್ದಾಳೆ.