ನನ್ನದೇ ಕೋಪಗೃಹ

'ಬೂಡ್ವಾರ್' ಎಂದರೆ ಫ್ರೆಂಚರಲ್ಲಿ ಹೆಂಗಸಿನ ಖಾಸಗಿ ಕೋಣೆ. ಮುನಿಸಿಕೊಳ್ಳುವುದು ಎಂಬರ್ಥದ ಮಾತಿನಿಂದ ಹುಟ್ಟಿದ ಪದ. ನಮ್ಮ ಕೈಕೇಯಿಯ ಕೋಪಗೃಹವೇ ಸರಿ! ಅಂಥ ಏಕಾಂತದಲ್ಲಿ, ಅರೆ ಉಡುಪಿನಲ್ಲಿ ತೆಗೆಸಿಕೊಳ್ಳುವ ಫೋಟೊಗೂ ಈಗ ಅದೇ ಹೆಸರು. ಐವತ್ತೆರಡರ ನನಗೆ, ಅದೂ ಕ್ಯಾನ್ಸರಿನಿಂದ ಒಂದು ಸ್ತನ ತೆಗೆಸಿಕೊಂಡವಳಿಗೆ, ಇದೇಕೆ ಎನ್ನುತ್ತೀರಾ? ಎರಡು ವರ್ಷದಿಂದ ಕನ್ನಡಿಗೆ ಬೆನ್ನು ಮಾಡಿಯೇ ಸೀರೆ ಉಟ್ಟವಳು ನಾನು. ಒಮ್ಮೆ ನೆಟ್ಟಗೆ ನೋಡಿಕೊಳ್ಳಬೇಕೆನಿಸಿತು.

ಸಿದ್ಧತೆ ದೊಡ್ಡದೇನಲ್ಲ. ಹಿಂದಿನ ದಿನ ಹೊಸ ಕ್ರೀಮು ಹಚ್ಚಬಾರದು, ದದ್ದು ಎದ್ದೀತು. ಬೆಳಗಿನಿಂದಲೇ ಬಿಗಿ ರವಿಕೆ, ಬಿಗಿ ಲಾಡಿ ಬೇಡ. ಮೈಮೇಲಿನ ಗೆರೆ ಮಾಯಲು ಹೊತ್ತು ಹಿಡಿಯುತ್ತದೆ. ಕಿಟಕಿಯಿಂದ ಓರೆಯಾಗಿ ಬೀಳುವ ಬೆಳಕು ಸಾಕು. ಚಿತ್ರಗಳು ನನ್ನ ಒಪ್ಪಿಗೆಯಿಲ್ಲದೆ ಹೊರಹೋಗಕೂಡದೆಂದು ಮಾತ್ರ ಫೋಟೊ ತೆಗೆಯುವ ಹುಡುಗಿಯಿಂದ ಬರೆಸಿಕೊಂಡೆ. ಖಾಸಗಿ ಅಂಗದ ಚಿತ್ರವನ್ನು ಹಾಗೆ ಹರಡಿದವರಿಗೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಇ ಕಲಮಿನಲ್ಲಿ 3 ವರ್ಷದವರೆಗೆ ಸೆರೆವಾಸವುಂಟು.

"ಹೊಲಿಗೆಯ ಗುರುತು ಅಳಿಸಿಬಿಡಲಾ ಆಂಟಿ?" ಎಂದಳು ಹುಡುಗಿ. "ಬೇಡಮ್ಮ, ಅದನ್ನು ನೋಡುವುದಕ್ಕೇ ಬರುತ್ತಿರುವುದು" ಎಂದೆ.

"ಇದೆಲ್ಲ ಯಾರಿಗೆ ತೋರಿಸೋಕೆ?" ನಮ್ಮವರ ಪ್ರಶ್ನೆ.

"ಮೊದಲು ನನಗೆ. ಆಮೇಲೆ, ಕೇಳಿದರೆ, ನಿಮಗೆ."