ಬಾಗೂರಿನ ಜಗಲಿಯಲ್ಲಿ

ಹೊಸದುರ್ಗವನ್ನು ದಾಟಿ ತೆಂಗಿನ ತೋಟಗಳ ನಡುವೆ ಸಾಗಿ, ಚೆನ್ನಕೇಶವಸ್ವಾಮಿಯ ದರ್ಶನಕ್ಕೆಂದು ನಾವು ಮೊನ್ನೆ ಬಾಗೂರಿಗೆ ಹೋಗಿದ್ದೆವು. ದೇವರಿಗೆ ಕೈಮುಗಿದು ಬಂಧುಗಳ ಮನೆಯ ಜಗಲಿಯಲ್ಲಿ ಕುಳಿತಾಗ ಯಜಮಾನರು ತಮ್ಮ ಸಂಕಟವನ್ನು ತೋಡಿಕೊಂಡರು. ಬಿ.ಎ. ಮುಗಿಸಿದ ಮಗಳು ಮೈಸೂರಿಗೆ ಹೋಗಿ ಕ್ರೈಸ್ತಶಾಸ್ತ್ರವನ್ನು ಓದುವೆನೆಂದು ಹಟ ಹಿಡಿದಿರುವಳಂತೆ.

“ಮೇಷ್ಟ್ರೇ, ಕೇಶವನ ಊರಿನ ಹುಡುಗಿಗೆ ಇದು ತಕ್ಕುದೆ?” ಎಂದರು. ಹುಡುಗಿಯು ಬಾಗಿಲಲ್ಲಿ ನಿಂತು, “ತಾತ, ಓದಿದ ಮಾತ್ರಕ್ಕೆ ನಾನು ಬೇರೆಯವಳಾಗುವೆನೆ?” ಎಂದಳು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಜೈನಶಾಸ್ತ್ರಕ್ಕಿರುವಂತೆ ಕ್ರೈಸ್ತಶಾಸ್ತ್ರಕ್ಕೂ ವಿಭಾಗವುಂಟು. ಅಲ್ಲಿ ನಡೆಯುವುದು ಪಾಠವೇ ಹೊರತು ದೀಕ್ಷೆಯಲ್ಲ. ಪೌಲಿನುಸ್ ಎಂಬ ಕ್ಯಾಥೊಲಿಕ್ ಸಂನ್ಯಾಸಿಯು ಕೇರಳದಲ್ಲಿದ್ದು ಸಂಸ್ಕೃತವನ್ನು ಕಲಿತು, 1790ರಲ್ಲಿ ರೋಮಿನಲ್ಲಿ ಅದರ ವ್ಯಾಕರಣವನ್ನು ಅಚ್ಚು ಹಾಕಿಸಿದನು. ಅದರಿಂದ ಅವನ ಮತವು ಕೆಡಲಿಲ್ಲ. ಪಿ. ಸಿ. ದೇವಸ್ಯ ಅವರು ಏಸುವಿನ ಚರಿತೆಯನ್ನು ‘ಕ್ರಿಸ್ತುಭಾಗವತಂ’ ಎಂಬ ಸಂಸ್ಕೃತ ಮಹಾಕಾವ್ಯವಾಗಿ ರಚಿಸಿ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆದರು.

ಕಾರ್ಯವಿದ್ದರೆ ಕರ್ತೃವಿರಬೇಕೆಂದು ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಸಾಧಿಸಿದರು. 13ನೆಯ ಶತಮಾನದ ತೋಮಾಸ್ ಅಕ್ವಿನಾಸನೂ ಕಾರ್ಯದಿಂದಲೇ ಕಾರಣಕ್ಕೆ ಏರಿದನು. ಆದರೆ ಉದಯನರ ಈಶ್ವರನು ನಿತ್ಯವಾದ ಪರಮಾಣುಗಳನ್ನು ಜೋಡಿಸುವವನು. ಅಕ್ವಿನಾಸನ ದೇವರು ಏನೂ ಇಲ್ಲದೆಡೆಯಿಂದ ಸೃಷ್ಟಿಸುವವನು. ಎರಡನ್ನೂ ಓದದೆ ಈ ಭೇದವು ತಿಳಿಯದು.

“ಹೋಗು ತಾಯಿ, ಆದರೆ ಮೊದಲು ನಮ್ಮಲ್ಲಿ ತರ್ಕಸಂಗ್ರಹವನ್ನು ಪಾಠ ಹೇಳಿಸಿಕೊಂಡು ಹೋಗು. ತನ್ನ ಮನೆಯನ್ನರಿಯದವಳಿಗೆ ನೆರೆಮನೆಯೂ ತಿಳಿಯದು” ಎಂದೆವು.

ಯಜಮಾನರು ಬಹಳ ಹೊತ್ತು ಮಾತನಾಡಲಿಲ್ಲ. ನಾವು ಹೊರಡಲು ಎದ್ದಾಗ ಮಗಳ ಕಡೆಗೆ ತಿರುಗಿ, “ಅರ್ಜಿಗೆ ಕಡೆಯ ದಿನ ಯಾವುದಮ್ಮ?” ಎಂದು ಕೇಳಿದರು.